ಕಲ್ಲಿನಲ್ಲಿ ದೇವದೂತರನ್ನು ಹುಡುಕಿದ ಪಂಡಿತನು: ಜಾನ್ ಡೀಯ ಚರಿತ್ರೆ

ಅಪೊಸ್ತಲನಾದ ಪೌಲನು ಎಫೆಸ ಪಟ್ಟಣದಲ್ಲಿ ಸುವಾರ್ತೆಯನ್ನು ಸಾರಿದಾಗ ಮಾಟಮಂತ್ರಗಳನ್ನು ನಡಿಸಿದ್ದ ಅನೇಕರು ತಮ್ಮ ಪುಸ್ತಕಗಳನ್ನು ತಂದು ಎಲ್ಲರ ಮುಂದೆ ಬೆಂಕಿಗೆ ಹಾಕಿದರೆಂದೂ ಅವುಗಳ ಬೆಲೆಯು 50,000 ಬೆಳ್ಳಿಯ ನಾಣ್ಯಗಳಾಗಿತ್ತೆಂದೂ ನಾವು ಸತ್ಯವೇದದಲ್ಲಿ ಓದುತ್ತೇವೆ. ಆದರೆ ಅಂಥ ಪುಸ್ತಕಗಳು ಆ ದಿನದೊಂದಿಗೆ ಲೋಕದಿಂದ ಮುಗಿದುಹೋಗಲಿಲ್ಲ. ಕ್ರೈಸ್ತ ಅರಸರು ಆಳುತ್ತಿದ್ದ ಯೂರೋಪಿನ ದೇಶಗಳಲ್ಲಿಯೇ ಅವು ನೂರಾರು ವರುಷ ಗುಟ್ಟಾಗಿ ಬರೆಯಲ್ಪಟ್ಟು ಕೈಯಿಂದ ಕೈಗೆ ದಾಟುತ್ತಿದ್ದವು. ಅವುಗಳನ್ನು ಓದಿದವರೆಲ್ಲರೂ ದುಷ್ಟರೂ ಮೂಢರೂ ಆಗಿದ್ದರೆಂದು ನೆನಸಬಾರದು. ದೇವರ ಮುಂದೆ ಮೊಣಕಾಲೂರಿ ಪ್ರಾರ್ಥಿಸುತ್ತಿದ್ದವನೂ ತನ್ನ ಕಾಲದ ಪಂಡಿತರಲ್ಲಿ ಅಗ್ರಗಣ್ಯನೂ ಆಗಿದ್ದ ಒಬ್ಬನು ಆ ಮಾರ್ಗದಲ್ಲಿ ಹೇಗೆ ನಡೆದನೆಂಬದನ್ನು ಈ ಸಂಚಿಕೆಯಲ್ಲಿ ವಾಚಕರ ಮುಂದೆ ಇಡುತ್ತೇವೆ. ಆತನ ಹೆಸರು ಜಾನ್ ಡೀ.

ಈತನು 1527ನೆಯ ಇಸವಿ ಜುಲೈ ತಿಂಗಳ 13ನೆಯ ದಿನ ಲಂಡನ್ ಪಟ್ಟಣದಲ್ಲಿ ಹುಟ್ಟಿದನು. ತಂದೆಯಾದ ರೋಲಂಡ್ ಡೀ ವೇಲ್ಸ್ ಸೀಮೆಯ ವಂಶದವನು. ಬಟ್ಟೆಯ ವ್ಯಾಪಾರಿಯಾಗಿದ್ದು ಎಂಟನೆಯ ಹೆನ್ರಿ ಅರಸನ ಅರಮನೆಯಲ್ಲಿ ಒಂದು ಚಿಕ್ಕ ಉದ್ಯೋಗವನ್ನೂ ಮಾಡುತ್ತಿದ್ದನು. 1542ರಲ್ಲಿ ಹುಡುಗನು ಕೇಂಬ್ರಿಡ್ಜಿನ ವಿದ್ಯಾಲಯಕ್ಕೆ ಸೇರಿದನು. ಅಲ್ಲಿ ದಿನದ 24 ಗಂಟೆಗಳಲ್ಲಿ 18 ಗಂಟೆ ಓದು, 4 ಗಂಟೆ ನಿದ್ರೆ, 2 ಗಂಟೆ ಊಟ ಉಪಚಾರ ಎಂದು ತನಗೆ ತಾನೇ ನೇಮ ಮಾಡಿಕೊಂಡಿದ್ದನೆಂದು ಆತನೇ ಮುಂದೆ ಬರೆದಿಟ್ಟಿದ್ದಾನೆ. ಗಣಿತ, ನಕ್ಷತ್ರಶಾಸ್ತ್ರ, ಗ್ರೀಕ್ ಭಾಷೆ, ಇವು ಆತನಿಗೆ ಅನ್ನಪಾನಗಳಂತಿದ್ದವು.

ಈ ವಿದ್ಯೆಯೇ ಆತನಿಗೆ ಮೊದಲನೆಯ ಅಪಕೀರ್ತಿಯನ್ನು ತಂದಿತು. ಕೇಂಬ್ರಿಡ್ಜಿನಲ್ಲಿ ಒಂದು ಗ್ರೀಕ್ ನಾಟಕವನ್ನು ಆಡಿದಾಗ, ಒಬ್ಬ ಮನುಷ್ಯನನ್ನು ಬೆನ್ನ ಮೇಲೆ ಹೊತ್ತ ಒಂದು ದೊಡ್ಡ ಸಗಣಿಹುಳವು ಮೇಲಕ್ಕೆ ಹಾರುವಂತೆ ಡೀಯು ಯಂತ್ರೋಪಾಯದಿಂದ ಮಾಡಿದನು. ಅದು ಕೈಚಳಕವೇ ಹೊರತು ಬೇರೇನೂ ಅಲ್ಲ. ನೋಡಿದ ಜನರಾದರೋ ದೆವ್ವಗಳ ಸಹಾಯವಿಲ್ಲದೆ ಹೀಗಾಗದೆಂದು ಆಡಿಕೊಂಡರು. ಆ ಮಾತು ಆತನನ್ನು ಸಾಯುವ ತನಕ ಬಿಡಲಿಲ್ಲ.

1548ರಲ್ಲಿ ಆತನು ಸಮುದ್ರವನ್ನು ದಾಟಿ ಲೂವೇನ್ ಪಟ್ಟಣಕ್ಕೆ ಹೋಗಿ, ಭೂಪಟಗಳನ್ನು ಬರೆಯುವದರಲ್ಲಿ ಪ್ರಖ್ಯಾತನಾದ ಮರ್ಕೇಟರನ ಸ್ನೇಹವನ್ನು ಸಂಪಾದಿಸಿದನು. 1550ರಲ್ಲಿ ಪ್ಯಾರಿಸಿನಲ್ಲಿ ಯೂಕ್ಲಿಡನ ರೇಖಾಗಣಿತವನ್ನು ಕುರಿತು ಉಪನ್ಯಾಸಗಳನ್ನು ಮಾಡಿದಾಗ ಆತನಿಗೆ 23 ವರುಷ ಪ್ರಾಯ. ಸ್ವದೇಶಕ್ಕೆ ಹಿಂದಿರುಗುವಾಗ ಮರ್ಕೇಟರನು ಮಾಡಿದ ಭೂಗೋಳಗಳನ್ನೂ ಹೊಸ ಉಪಕರಣಗಳನ್ನೂ ತಂದನು.

ಮೇರಿ ರಾಣಿಯ ಆಳಿಕೆಯಲ್ಲಿ, 1555ರಲ್ಲಿ, ರಾಣಿಯ ಮತ್ತು ಆಕೆಯ ತಂಗಿಯಾದ ಎಲಿಜಬೇತಳ ಜಾತಕಗಳನ್ನು ಗುಣಿಸಿದನೆಂಬ ಅಪರಾಧಕ್ಕಾಗಿ ಡೀಯನ್ನು ಸೆರೆಹಿಡಿದರು. ದೂರು ಹೇಳಿದವನೊಬ್ಬನು ಅಷ್ಟಕ್ಕೇ ನಿಲ್ಲದೆ, ಈತನ ಮಾಟದಿಂದ ತನ್ನ ಮಕ್ಕಳಲ್ಲಿ ಒಂದು ಸತ್ತಿತು, ಇನ್ನೊಂದು ಕುರುಡಾಯಿತು ಎಂದನು. ವಿಚಾರಣೆಯಲ್ಲಿ ರಾಜದ್ರೋಹವು ಸ್ಥಾಪಿತವಾಗಲಿಲ್ಲ. ಡೀಯು ಬೋನರ್ ಎಂಬ ಬಿಷಪನ ವಶಕ್ಕೆ ಕೊಡಲ್ಪಟ್ಟು ಆಮೇಲೆ ಬಿಡುಗಡೆ ಹೊಂದಿದನು. ಆದರೆ ರಕ್ತಸಾಕ್ಷಿಗಳ ಚರಿತ್ರೆಯನ್ನು ಬರೆದ ಜಾನ್ ಫಾಕ್ಸನು 1563ರಲ್ಲಿ ಅಚ್ಚಾದ ತನ್ನ ದೊಡ್ಡ ಗ್ರಂಥದಲ್ಲಿ ಈತನನ್ನು ದೊಡ್ಡ ಮಂತ್ರವಾದಿಯೆಂದು ಕರೆದನು. ಡೀಯು ಬಹಳವಾಗಿ ನೊಂದು ಬೇಡಿಕೊಂಡ ಮೇಲೆ 1576ರ ಮುದ್ರಣದಲ್ಲಿ ಆ ಮಾತುಗಳನ್ನು ತೆಗೆದುಹಾಕಿದರು.

ಆತನು ಮಾಡಿದ ಒಳ್ಳೇ ಕೆಲಸಗಳನ್ನು ಮರೆಯಬಾರದು. ಸನ್ಯಾಸಿಮಠಗಳು ಮುಚ್ಚಲ್ಪಟ್ಟಾಗ ಅವುಗಳ ಹಳೇ ಪುಸ್ತಕಗಳು ಚೆಲ್ಲಾಪಿಲ್ಲಿಯಾಗಿ ಹೋಗುತ್ತಿರುವದನ್ನು ಕಂಡು, ದೇಶಕ್ಕೆ ಒಂದು ಪುಸ್ತಕಭಂಡಾರವನ್ನು ಸ್ಥಾಪಿಸಬೇಕೆಂದು 1556ರಲ್ಲಿ ರಾಣಿಗೆ ಬಿನ್ನಹ ಮಾಡಿದನು. ಅದು ನೆರವೇರದೆ ಹೋಗಲಾಗಿ ತಾನೇ ಕೂಡಿಸತೊಡಗಿ, ಥೇಮ್ಸ್ ನದಿಯ ತೀರದ ಮಾರ್ಟ್‌ಲೇಕ್ ಎಂಬ ಊರಿನ ತನ್ನ ಮನೆಯಲ್ಲಿ, ಆತನ ಲೆಕ್ಕದ ಪ್ರಕಾರ, ಸುಮಾರು 4,000 ಪುಸ್ತಕಗಳನ್ನು ಇಟ್ಟನು. 1558ರಲ್ಲಿ ಎಲಿಜಬೇತಳು ಪಟ್ಟಕ್ಕೆ ಬಂದಾಗ ಆಕೆಯ ಅಭಿಷೇಕದ ದಿನವನ್ನು ಗೊತ್ತುಮಾಡಿದವನು ಈತನೇ. ಯೂಕ್ಲಿಡನ ಗ್ರಂಥವು 1570ರಲ್ಲಿ ಇಂಗ್ಲಿಷಿನಲ್ಲಿ ಮೊದಲು ಹೊರಟಾಗ ಅದಕ್ಕೆ ಈತನು ಬರೆದ ಪೀಠಿಕೆಯನ್ನು ಬಡಗಿಗಳೂ ಕಮ್ಮಾರರೂ ನಾವಿಕರೂ ಓದಿ ಪ್ರಯೋಜನ ಹೊಂದುವಂತಿತ್ತು. ಹಡಗಿನವರಿಗೆ ದಿಕ್ಕು ದಾರಿಗಳ ಲೆಕ್ಕವನ್ನು ಕಲಿಸಿದನು. 1583ರಲ್ಲಿ ಪಂಚಾಂಗವನ್ನು ತಿದ್ದಬೇಕೆಂದು ಲೆಕ್ಕ ಸಮೇತ ತೋರಿಸಿಕೊಟ್ಟನು, ಬಿಷಪರು ಒಪ್ಪಲಿಲ್ಲ, ಇಂಗ್ಲೆಂಡ್ ದೇಶವು ಅದನ್ನು ತಿದ್ದಿದ್ದು 1752ರಲ್ಲಿಯೇ.

ಇಷ್ಟು ಬಲ್ಲವನು ತೃಪ್ತನಾಗಿರಬಹುದಾಗಿತ್ತು. ಆದರೆ ಆತನ ಮನಸ್ಸಿನಲ್ಲಿ ಒಂದು ದಾಹವಿತ್ತು. ನಲವತ್ತು ವರುಷ ಓದಿದರೂ ಸೃಷ್ಟಿಯ ಒಳಗುಟ್ಟನ್ನು ತನಗೆ ಹೇಳಬಲ್ಲ ಪುಸ್ತಕವಾಗಲಿ ಮನುಷ್ಯನಾಗಲಿ ಸಿಕ್ಕಲಿಲ್ಲವೆಂದೂ, ಹನೋಕನೇ ಮುಂತಾದ ಪೂರ್ವಿಕರಿಗೆ ದೇವರು ತನ್ನ ದೂತರ ಮುಖಾಂತರ ಆ ಜ್ಞಾನವನ್ನು ಕೊಟ್ಟಂತೆ ತನಗೂ ಕೊಡಬೇಕೆಂದೂ ಆತನು ಬೇಡಿಕೊಳ್ಳುತ್ತಿದ್ದನು. ಬೇಡಿದ್ದು ಜೀವವುಳ್ಳ ದೇವರನ್ನೇ. ಆದರೆ ಉತ್ತರವು ಬರಬೇಕಾದ ದಾರಿಯನ್ನು ಮಾತ್ರ ಮಂತ್ರವಾದದ ಪುಸ್ತಕಗಳಿಂದ ತೆಗೆದುಕೊಂಡನು.

ಈ ಪುಸ್ತಕಗಳು ಎಂಥವೆಂದು ಇಲ್ಲಿ ಸ್ವಲ್ಪ ತಿಳಿಸಬೇಕು. ಅವುಗಳಲ್ಲಿ ಒಂದಕ್ಕೆ ಸೊಲೊಮೋನನ ಬೀಗದ ಕೈ ಎಂದು ಹೆಸರು. ಅದನ್ನು ಸೊಲೊಮೋನನು ಬರೆಯಲಿಲ್ಲ. ಎಷ್ಟೋ ಶತಮಾನಗಳ ಮೇಲೆ ಯಾರೋ ಬರೆದು ಆ ಜ್ಞಾನಿಯ ಹೆಸರನ್ನಿಟ್ಟರು. ಇನ್ನೊಂದು ಹೊನೋರಿಯನ ಆಣೆಯ ಪುಸ್ತಕವು. ಮತ್ತೊಂದು, ಕೊರ್ನೇಲಿಯ ಅಗ್ರಿಪ್ಪನೆಂಬ ಜರ್ಮನ್ ಪಂಡಿತನು ಬರೆದು 1533ರಲ್ಲಿ ಪೂರ್ಣವಾಗಿ ಅಚ್ಚು ಹಾಕಿಸಿದ ಮೂರು ಭಾಗಗಳ ಗ್ರಂಥವು. ಇಂಥವುಗಳಲ್ಲಿ ನೆಲದ ಮೇಲೆ ಬರೆಯಬೇಕಾದ ಚಕ್ರಗಳು, ಮೇಣದಲ್ಲಿಯೋ ಲೋಹದಲ್ಲಿಯೋ ಕೊರೆಯಬೇಕಾದ ಮುದ್ರೆಗಳು, ಗ್ರಹಗಳಿಗೆ ತಕ್ಕ ದಿನ ಗಳಿಗೆಗಳು, ದೂತರ ಹೆಸರುಗಳ ಪಟ್ಟಿ ಮುಂತಾದವು ಇರುತ್ತವೆ. ಅವುಗಳ ಸಂಗಡ ಉಪವಾಸ, ಪಾಪದ ಅರಿಕೆ, ಕೀರ್ತನೆಗಳು, ದೇವರ ಪರಿಶುದ್ಧ ನಾಮಗಳು, ಇವೂ ಇರುತ್ತವೆ. ಆದಕಾರಣ ಅವುಗಳನ್ನು ಓದಿದವನಿಗೆ ತಾನು ಭಕ್ತಿಮಾರ್ಗದಲ್ಲಿಯೇ ಇದ್ದೇನೆಂದು ತೋರುವದು ಸುಲಭ. ಆದರೆ ಪ್ರಾರ್ಥಿಸುವವನು ದೇವರ ಚಿತ್ತಕ್ಕೆ ಕಾದಿರುತ್ತಾನೆ. ಈ ಪುಸ್ತಕಗಳಾದರೋ ಇಂಥ ಗಳಿಗೆಯಲ್ಲಿ ಇಂಥ ಮಾತನ್ನು ಹೇಳಿದರೆ ಪರಲೋಕದವರು ಬಂದೇ ಬರಬೇಕು ಎನ್ನುತ್ತವೆ.

ಇನ್ನೊಂದು ವಿಚಿತ್ರವನ್ನೂ ಹೇಳಬೇಕು. ತ್ರಿಥೇಮಿಯನೆಂಬ ಮಠಾಧಿಪತಿಯು ಬರೆದಿದ್ದ ಒಂದು ಕೈಬರಹದ ಗ್ರಂಥವನ್ನು ಡೀಯು 1563ರಲ್ಲಿ ಆಂಟ್‌ವರ್ಪ್ ಪಟ್ಟಣದಲ್ಲಿ ಕಂಡು ಬಹು ಪ್ರಯಾಸದಿಂದ ನಕಲು ಮಾಡಿಕೊಂಡನು. ದೂರದಲ್ಲಿರುವವರಿಗೆ ಆತ್ಮಗಳ ಮೂಲಕ ಸುದ್ದಿ ಕಳುಹಿಸುವ ವಿಧಾನವು ಅದರಲ್ಲಿದ್ದಂತೆ ಕಾಣುತ್ತಿತ್ತು. 1606ರಲ್ಲಿ ಅದು ಅಚ್ಚಾದಾಗ, ಅದರ ಮೊದಲಿನ ಎರಡು ಭಾಗಗಳು ಗುಪ್ತಲಿಪಿಯ ಪಾಠಗಳೇ ಹೊರತು ಆತ್ಮಗಳ ಮಾತಲ್ಲವೆಂದು ತಿಳಿಯಬಂತು. ಮೂರನೆಯ ಭಾಗವನ್ನು 1990ರ ದಶಕದಲ್ಲಿ ಇಬ್ಬರು ವಿದ್ವಾಂಸರು ಬೇರೆ ಬೇರೆಯಾಗಿ ಬಿಡಿಸಲು ಅದೂ ಗುಪ್ತಲಿಪಿಯೆಂದೇ ಗೊತ್ತಾಯಿತು. ಹೀಗೆ ನಾಲ್ಕು ನೂರು ವರುಷ ಜನರು ಯಾವದನ್ನು ದೆವ್ವಗಳ ಹೆಸರೆಂದು ಹೆದರಿ ಓದಿದರೋ ಅದು ಅಕ್ಷರಗಳ ಲೆಕ್ಕವಾಗಿತ್ತು.

ನಮ್ಮ ಹಳ್ಳಿಗಳಲ್ಲಿ ಕಳವು ಹೋದ ವಸ್ತುವನ್ನು ಕಂಡುಹಿಡಿಯಲು ಅಂಜನ ಹಾಕಿ ನೋಡುವದುಂಟಷ್ಟೆ. ಕರಿಯ ಹೊಳಪಿನಲ್ಲಿ ಒಬ್ಬನು ಕಣ್ಣಿಟ್ಟು ಕಂಡದ್ದನ್ನು ಹೇಳುತ್ತಾನೆ, ಉಳಿದವರು ನಂಬುತ್ತಾರೆ. ಯೂರೋಪಿನಲ್ಲಿ ಇದೇ ಕೆಲಸಕ್ಕೆ ಹರಳಿನ ಗುಂಡನ್ನೂ ಕನ್ನಡಿಯನ್ನೂ ಉಪಯೋಗಿಸುತ್ತಿದ್ದರು. ಡೀಯು ಹರಳಿನ ಗುಂಡೊಂದನ್ನು ಮೇಜಿನ ಮೇಲಿಟ್ಟು ಅದರ ಕೆಳಗೆ ಮೇಣದ ದೊಡ್ಡ ಮುದ್ರೆಯನ್ನಿಟ್ಟನು. ಆ ಮುದ್ರೆಯ ರೂಪವು ಹೊನೋರಿಯನ ಪುಸ್ತಕದಿಂದ ಬಂದದ್ದು. ಆತನ ಕಣ್ಣಿಗೆ ಸಾಧಾರಣವಾಗಿ ಏನೂ ಕಾಣುತ್ತಿರಲಿಲ್ಲವಾದ್ದರಿಂದ ನೋಡುವ ಕೆಲಸಕ್ಕೆ ಬೇರೊಬ್ಬನನ್ನು ಇಟ್ಟುಕೊಳ್ಳುತ್ತಿದ್ದನು. ಮೊದಲು ಇದ್ದವನು ತನಗೆ ಇನ್ನು ಏನೂ ಕಾಣುವದಿಲ್ಲವೆಂದು ಹೇಳಿ ಹೊರಟುಹೋದನು. 1582ರ ಮಾರ್ಚ್ ತಿಂಗಳಲ್ಲಿ ಎಡ್ವರ್ಡ್ ಕೆಲ್ಲಿ ಎಂಬವನು ಸುಳ್ಳು ಹೆಸರಿನಿಂದ ಆತನ ಮನೆಗೆ ಬಂದನು. ಡೀಗೆ ಆಗ 54 ವರುಷ, ಕೆಲ್ಲಿಗೆ 26.

ಅಂದಿನಿಂದ ಐದು ವರುಷ ಈ ಇಬ್ಬರೂ ಆ ಕಲ್ಲಿನ ಮುಂದೆ ಕುಳಿತರು. ಡೀಯು ಪ್ರಾರ್ಥಿಸುವನು; ಕೆಲ್ಲಿಯು ಕಲ್ಲನ್ನು ನೋಡಿ, ಮೀಕಾಯೇಲನು ಬಂದನು, ಊರೀಯೇಲನು ಹೀಗೆ ಹೇಳಿದನು ಎನ್ನುವನು; ಡೀಯು ಒಂದು ಅಕ್ಷರವನ್ನೂ ಬಿಡದೆ ಬರೆದುಕೊಳ್ಳುವನು. ಯಾವ ದೇಶದ ಭಾಷೆಯೂ ಅಲ್ಲದ ಒಂದು ಭಾಷೆಯನ್ನು, ಇದೇ ಆದಾಮನ ಭಾಷೆಯೆಂದು, ಅಕ್ಷರ ಅಕ್ಷರವಾಗಿ ಹೇಳಿ ಬರೆಯಿಸಿದರು. ಸಂಬಳಕ್ಕಾಗಿ ಕೆಲ್ಲಿಗೆ ವರುಷಕ್ಕೆ 50 ಪೌಂಡುಗಳು ಗೊತ್ತಾದವು. ಇವು ಕೆಟ್ಟ ಆತ್ಮಗಳೆಂದು ಆ ಕೆಲ್ಲಿಯೇ ಎಷ್ಟೋ ಸಾರಿ ಹೇಳಿ ಎದ್ದುಹೋಗಲು ನೋಡಿದನು. ಡೀಯೇ ಆತನನ್ನು ಬೇಡಿ ಕೂರಿಸಿದನು.

1583ರ ಸೆಪ್ಟೆಂಬರಿನಲ್ಲಿ ಪೋಲೆಂಡ್ ದೇಶದ ಲಾಸ್ಕಿ ಎಂಬ ಪ್ರಭುವಿನ ಸಂಗಡ, ಕಲ್ಲಿನ ಮಾತನ್ನು ನಂಬಿ, ಡೀಯು ಹೆಂಡತಿಯಾದ ಜೇನಳನ್ನೂ ಮೂರು ಚಿಕ್ಕ ಮಕ್ಕಳನ್ನೂ ಕರಕೊಂಡು ದೇಶವನ್ನು ಬಿಟ್ಟನು. ಕೆಲ್ಲಿಯೂ ಆತನ ಹೆಂಡತಿಯೂ ಜೊತೆಯಲ್ಲಿ ಹೋದರು. ಇವರು ಹೋದ ಮೇಲೆ ಮಾರ್ಟ್‌ಲೇಕಿನ ಪುಸ್ತಕಭಂಡಾರವು ಸೂರೆಯಾಯಿತು. ಕ್ರಾಕೋವಿನಿಂದ ಪ್ರಾಗ್ ಪಟ್ಟಣಕ್ಕೆ ಹೋಗಿ, 1584ರಲ್ಲಿ ಎರಡನೆಯ ರೂಡಾಲ್ಫ್ ಚಕ್ರವರ್ತಿಯ ಮುಂದೆ ನಿಂತು, ದೇವದೂತನು ನಿನ್ನ ಪಾಪಗಳಿಗಾಗಿ ನಿನ್ನನ್ನು ಗದರಿಸುತ್ತಾನೆಂದು ಡೀಯು ಧೈರ್ಯವಾಗಿ ತಿಳಿಸಿದನು. ಚಕ್ರವರ್ತಿಯು ಕೇಳಿಸಿಕೊಂಡು ಸುಮ್ಮನಾದನು. 1586ರಲ್ಲಿ ಪೋಪನ ರಾಯಭಾರಿಯ ಒತ್ತಾಯದಿಂದ ಇವರನ್ನು ಪ್ರಾಗಿನಿಂದ ಹೊರಡಿಸಿದರು. ರೋಜ್ಮ್‌ಬರ್ಕ್ ಎಂಬ ಪ್ರಭುವು ತ್ರೆಬೋನ್ ಎಂಬ ತನ್ನ ಊರಿನಲ್ಲಿ ಆಶ್ರಯ ಕೊಟ್ಟನು.

ಅಲ್ಲಿ 1587ರ ಏಪ್ರಿಲ್ ತಿಂಗಳಲ್ಲಿ ನಡೆದದ್ದನ್ನು ಬರೆಯಲು ನಮಗೆ ಸಂಕೋಚವಾಗುತ್ತದೆ. ಆದರೂ ಈ ಚರಿತ್ರೆಯ ತಿರುಳು ಅಲ್ಲಿಯೇ ಇರುವದರಿಂದ ಬಿಡಲಾರೆವು. ಕೆಲ್ಲಿಯು ತಾನು ಇನ್ನು ನೋಡುವದಿಲ್ಲವೆಂದಾಗ ಡೀಯು ತನ್ನ ಏಳು ವರುಷದ ಮಗನಾದ ಆರ್ಥರನನ್ನು ಆ ಕಲ್ಲಿನ ಮುಂದೆ ಕೂರಿಸಿದನು. ಮಗುವಿನಿಂದ ಏನೂ ಆಗಲಿಲ್ಲ. ಆಗ ಕೆಲ್ಲಿಯು ತಿರಿಗಿ ಕುಳಿತು, ಇಬ್ಬರೂ ತಮ್ಮ ಹೆಂಡತಿಯರನ್ನು ಒಬ್ಬರಿಗೊಬ್ಬರು ಸಾಮಾನ್ಯವಾಗಿ ಇಟ್ಟುಕೊಳ್ಳಬೇಕೆಂಬದು ದೂತರ ಆಜ್ಞೆ ಎಂದು ತಿಳಿಸಿದನು. ಡೀಯು ನಡುಗಿದನು. ಇದು ದೇವರ ಕಟ್ಟಳೆಗೆ ವಿರೋಧವಲ್ಲವೇ ಎಂದು ಕೇಳಿದನು. ಜೇನಳು ಸುದ್ದಿ ಕೇಳಿ ಬಹು ಹೊತ್ತು ಅತ್ತು ಕೋಪದಿಂದ ನಡುಗಿದಳು. ಆದರೆ ಡೀಯು ಕಡೆಗೆ ಒಪ್ಪಿದನು. ಮೇ ತಿಂಗಳಲ್ಲಿ ನಾಲ್ವರೂ ಒಡಂಬಡಿಕೆಯ ಪತ್ರಕ್ಕೆ ಒಳಪಟ್ಟರು.

ವಾಚಕರು ಇಲ್ಲಿ ಸ್ವಲ್ಪ ನಿಲ್ಲಬೇಕು. ವ್ಯಭಿಚಾರವನ್ನು ನಿಷೇಧಿಸುವ ಆಜ್ಞೆಯನ್ನು ಡೀಯು ಬಾಲ್ಯದಿಂದಲೂ ಬಲ್ಲನು. ಆ ಆಜ್ಞೆಯು ಒಂದು ಕೈಯಲ್ಲಿ, ಕಲ್ಲಿನ ಮಾತು ಇನ್ನೊಂದು ಕೈಯಲ್ಲಿ ಇರುವಾಗ, ಆತನು ಕಲ್ಲಿನ ಮಾತಿನಿಂದ ಆಜ್ಞೆಯನ್ನು ಅಳೆದನು. ಆಜ್ಞೆಯಿಂದ ಕಲ್ಲಿನ ಮಾತನ್ನು ಅಳೆಯಲಿಲ್ಲ. ಐದು ವರುಷ ನಂಬಿ, ಮನೆ, ಹಣ, ಪುಸ್ತಕ, ದೇಶ ಎಲ್ಲವನ್ನೂ ಅದಕ್ಕಾಗಿ ಕಳಕೊಂಡವನಿಗೆ, ಅದು ಸುಳ್ಳೆಂದು ಒಪ್ಪಿಕೊಳ್ಳುವದು ಅಷ್ಟು ಕಷ್ಟವಾಗಿತ್ತು. ಕೆಲ್ಲಿಯು ಮೋಸಗಾರನಾಗಿದ್ದನೆಂದು ಕೆಲವರು, ಕೆಟ್ಟ ಆತ್ಮವು ಇಬ್ಬರನ್ನೂ ವಂಚಿಸಿತೆಂದು ಕೆಲವರು ಹೇಳುತ್ತಾರೆ. ಆ ವಿಚಾರವನ್ನು ನಾವು ಇಲ್ಲಿ ತೀರಿಸುವದಿಲ್ಲ. ಮರವು ಫಲದಿಂದ ತಿಳಿಯಬರುತ್ತದೆ. ಈ ಮರದ ಫಲವು ಜೇನಳ ಕಣ್ಣೀರು.

ಬೇಗನೇ ಇಬ್ಬರೂ ಅಗಲಿದರು. ಕೆಲ್ಲಿಯು ಚಿನ್ನ ಮಾಡುತ್ತೇನೆಂದು ಹೇಳಿ ಚಕ್ರವರ್ತಿಯಿಂದ ಬಿರುದು ಪಡೆದು, 1591ರಲ್ಲಿ ಅದೇ ಚಕ್ರವರ್ತಿಯ ಸೆರೆಮನೆಗೆ ಬಿದ್ದನು. ಡೀಯು 1589ರ ಕೊನೆಯಲ್ಲಿ ಸ್ವದೇಶಕ್ಕೆ ಬಂದಾಗ ಮನೆಯಲ್ಲಿ ಪುಸ್ತಕಗಳೂ ಉಪಕರಣಗಳೂ ಬಹುಮಟ್ಟಿಗೆ ಇರಲಿಲ್ಲ. ಕೆಲವನ್ನು ಹುಡುಕಿ ತಂದನು. ಆತನ ಪುಸ್ತಕಗಳಲ್ಲಿ ನೂರಕ್ಕೂ ಮಿಕ್ಕವು ಈಗ ಲಂಡನಿನ ವೈದ್ಯರ ರಾಜಸಂಘದ ಭಂಡಾರದಲ್ಲಿವೆ.

ಬಡತನದಲ್ಲಿದ್ದ ಆತನಿಗೆ 1595ರಲ್ಲಿ ಮ್ಯಾಂಚೆಸ್ಟರಿನ ಕ್ರೈಸ್ತ್ಸ್ ಕಾಲೇಜು ಎಂಬ ಸಭಾಸಂಸ್ಥೆಯ ಅಧ್ಯಕ್ಷಪದವಿಯು ದೊರೆಯಿತು. ಅಲ್ಲಿ ಇದ್ದಾಗ ನಡೆದ ಒಂದು ಸಂಗತಿಯನ್ನು ಸಂತೋಷದಿಂದ ಹೇಳುತ್ತೇವೆ. ಆ ಸೀಮೆಯ ಸ್ಟಾರ್ಕಿ ಎಂಬ ಗೃಹಸ್ಥನ ಮನೆಯಲ್ಲಿ ಏಳು ಮಂದಿ ಮಕ್ಕಳೂ ಯೌವನಸ್ಥರೂ ಭೂತ ಹಿಡಿದವರಂತೆ ಕೂಗಿ ಬಿದ್ದು ಹೊರಳಾಡುತ್ತಿದ್ದರು. ತಂದೆಯು ಹಾರ್ಟ್ಲಿ ಎಂಬ ಮಂತ್ರವಾದಿಯನ್ನು ಕರೆಸಿದನು. ಅವನು ಮಂತ್ರಗಳಿಂದಲೂ ಗಿಡಮೂಲಿಕೆಗಳಿಂದಲೂ ಮೊದಲು ಸ್ವಲ್ಪ ಶಾಂತಿ ಮಾಡಿ, ವರುಷಕ್ಕೆ 40 ಶಿಲ್ಲಿಂಗು ತೆಗೆದುಕೊಂಡನು. ಸಾಲದೆ ಮನೆಯನ್ನೂ ಭೂಮಿಯನ್ನೂ ಕೇಳಿ, ಕೊಡದಿದ್ದಾಗ ಬೆದರಿಸಿದನು. ದಿಕ್ಕು ತೋರದೆ ಸ್ಟಾರ್ಕಿಯು 1596ರಲ್ಲಿ ಡೀಯ ಬಳಿಗೆ ಬಂದನು. ಡೀಯು ಚಕ್ರ ಬರೆಯಲಿಲ್ಲ, ಕಲ್ಲನ್ನು ತೆಗೆಯಲಿಲ್ಲ. ತಾನು ಇದರಲ್ಲಿ ಕೈಹಾಕುವದಿಲ್ಲವೆಂದೂ, ದೈವಭಕ್ತರಾದ ಬೋಧಕರನ್ನು ಕರೆಸಿ ಉಪವಾಸ ಪ್ರಾರ್ಥನೆಗಳನ್ನು ಮಾಡಬೇಕೆಂದೂ ಬುದ್ಧಿ ಹೇಳಿ, ಹಾರ್ಟ್ಲಿಯನ್ನು ಕಠಿಣವಾಗಿ ಗದರಿಸಿದನು. ಬೇರೆಯವರ ಮಗುವಿನ ವಿಷಯದಲ್ಲಿ ಆತನಿಗೆ ದಾರಿಯು ಸ್ಪಷ್ಟವಾಗಿ ಕಂಡಿತು. ಹಾರ್ಟ್ಲಿಯಾದರೋ ಮಂತ್ರಚಕ್ರವನ್ನು ಬರೆದನೆಂಬ ಸಾಕ್ಷಿಯ ಮೇಲೆ 1597ರಲ್ಲಿ ಗಲ್ಲಿಗೇರಿಸಲ್ಪಟ್ಟನು. ಇದನ್ನು ನ್ಯಾಯವೆಂದು ನಾವು ಹೇಳಲಾರೆವು. ದುರಾಶೆಯು ಪಾಪವೇ; ಆದರೆ ನೆಲದ ಮೇಲಿನ ಗೆರೆಗಾಗಿ ಮನುಷ್ಯನ ಪ್ರಾಣವನ್ನು ತೆಗೆದದ್ದು ಆ ಕಾಲದವರ ಭಯದ ಫಲವು.

ಆ ಭಯವು ಡೀಯನ್ನೂ ಬಿಡಲಿಲ್ಲ. 1604ರಲ್ಲಿ ಜೇಮ್ಸ್ ಅರಸನು ಮಾಟಗಾರರಿಗೆ ವಿರೋಧವಾಗಿ ಕಠಿಣವಾದ ಕಾಯಿದೆಯನ್ನು ಮಾಡಿದ ವರುಷದಲ್ಲಿಯೇ ಡೀಯು, ತನ್ನನ್ನು ಬಹಿರಂಗವಾಗಿ ವಿಚಾರಿಸಿ ಮಂತ್ರವಾದಿಯೆಂಬ ಕಳಂಕದಿಂದ ಬಿಡಿಸಬೇಕೆಂದು ಅರ್ಜಿ ಕೊಟ್ಟನು. ಅರಸನು ಅದನ್ನು ನಡಿಸಿಕೊಡಲಿಲ್ಲ. 1605ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮಹಾಮಾರಿ ಹರಡಿ ಜೇನಳು ತೀರಿಹೋದಳು. ಮುದುಕನನ್ನು ಮಗಳಾದ ಕ್ಯಾಥರೀನಳು ಮಾರ್ಟ್‌ಲೇಕಿನಲ್ಲಿ ನೋಡಿಕೊಂಡಳು. ಉಳಿದ ಪುಸ್ತಕಗಳನ್ನು ಒಂದೊಂದಾಗಿ ಮಾರಿ ಅನ್ನ ತಿನ್ನಬೇಕಾಯಿತು.

ಆಗಲಾದರೂ ಕಲ್ಲನ್ನು ಬಿಟ್ಟನೋ? ಇಲ್ಲ. 1600ರಲ್ಲಿ, ಹಿಕ್‌ಮನ್ ಎಂಬ ನೋಟಗಾರನು ಹೇಳಿದ್ದೆಲ್ಲ ಸುಳ್ಳೆಂದು ಕಂಡು, ಅದನ್ನು ಬರೆದುಕೊಂಡಿದ್ದ ಕಾಗದಗಳನ್ನು ಸಾಕ್ಷಿಗಳ ಮುಂದೆ ಸುಟ್ಟಿದ್ದನು. ಎಫೆಸದವರಂತೆ ಬೆಂಕಿ ಹಚ್ಚಿದ್ದು ನಿಜ. ಆದರೆ ಎಫೆಸದವರು ಪುಸ್ತಕಗಳ ಸಂಗಡ ಆ ಆಶೆಯನ್ನೂ ಬಿಟ್ಟರು. ಡೀಯು ಕಾಗದವನ್ನು ಮಾತ್ರ ಸುಟ್ಟನು. 1607ರಲ್ಲಿ, ಎಂಭತ್ತು ವರುಷದ ಮುದುಕನಾಗಿ, ಅದೇ ಹಿಕ್‌ಮನನನ್ನು ಕಲ್ಲಿನ ಮುಂದೆ ಕೂರಿಸಿ ತನ್ನ ರೋಗವನ್ನೂ ಹೂಳಿಟ್ಟ ನಿಧಿಯನ್ನೂ ಕುರಿತು ವಿಚಾರಿಸಿದನು. ಹೆಚ್ಚು ಕಾಲ ಹೋಗುವದಕ್ಕೆ ಮುಂಚೆ, 1608ರ ಕೊನೆಯಲ್ಲಿಯೋ 1609ರ ಮೊದಲಿನಲ್ಲಿಯೋ, ಆತನು ಮರಣ ಹೊಂದಿದನು.

ಆತನ ಕಾಗದಗಳ ಗತಿಯನ್ನೂ ಕೇಳಿರಿ. ಅವುಗಳಲ್ಲಿ ದೊಡ್ಡ ಭಾಗವನ್ನು ಮೆರಿಕ್ ಕಸಾಬೋನನೆಂಬ ಬೋಧಕನು, ಜನರು ಎಚ್ಚರಗೊಳ್ಳಲೆಂದು 1659ರಲ್ಲಿ ಅಚ್ಚು ಹಾಕಿಸಿದನು. ಇನ್ನು ಕೆಲವು ಒಂದು ಪೆಟ್ಟಿಗೆಯ ಗುಟ್ಟಾದ ಅರೆಯಲ್ಲಿದ್ದವು. ಆ ಪೆಟ್ಟಿಗೆಯನ್ನು ಕೊಂಡುಕೊಂಡಿದ್ದ ಮಿಠಾಯಿ ವ್ಯಾಪಾರಿಯ ಮನೆಯವರು 1662ರಲ್ಲಿ ಅವುಗಳನ್ನು ಕಂಡರು. ಅಡಿಗೆಯ ಕೆಲಸದವಳು ಸುಮಾರು ಅರ್ಧದಷ್ಟನ್ನು ತಿಂಡಿಯ ತಟ್ಟೆಗಳ ಕೆಳಗೆ ಹಾಸಿ ಮುಗಿಸಿದಳು. ಉಳಿದವು 1672ರಲ್ಲಿ ಆಶ್ಮೋಲನೆಂಬ ವಿದ್ವಾಂಸನ ಕೈಸೇರಿದವು. ಎಚ್ಚರಿಕೆಗೆಂದು ಅಚ್ಚಾದದ್ದು ಎಚ್ಚರಿಕೆಯಾಗಿ ಉಳಿಯಲಿಲ್ಲ. 1888ರಲ್ಲಿ ಲಂಡನಿನಲ್ಲಿ ಏರ್ಪಟ್ಟ ಒಂದು ಮಂತ್ರಸಂಘದವರು ಡೀಯು ಬರೆದಿಟ್ಟ ಆ ಭಾಷೆಯನ್ನೂ ಚೌಕಗಳನ್ನೂ ತೆಗೆದು ತಮ್ಮ ಪೂಜಾಕ್ರಮಕ್ಕೆ ಸೇರಿಸಿದರು. ದೇವರನ್ನು ತಿಳಿಯಲು ಹೊರಟವನ ದಿನಚರಿಯು ಹೊಸದೊಂದು ಮಂತ್ರಪುಸ್ತಕವಾಯಿತು. ಆತನದೆಂದು ಹೇಳಲ್ಪಡುವ ಕಪ್ಪು ಕಲ್ಲಿನ ಕನ್ನಡಿಯೊಂದು ಬ್ರಿಟಿಷ್ ಮ್ಯೂಸಿಯಮಿನಲ್ಲಿದೆ. ಆ ಕಲ್ಲು ಮೆಕ್ಸಿಕೋ ದೇಶದ ಪಚೂಕ ಎಂಬ ಸ್ಥಳದ್ದೆಂದು 2021ರಲ್ಲಿ ಪರೀಕ್ಷಿಸಿದವರು ಪ್ರಕಟಿಸಿದರು.

ಪ್ರಿಯ ವಾಚಕರೇ, ಈ ಚರಿತ್ರೆಯಿಂದ ನಾವು ಕಲಿಯತಕ್ಕವು ಎರಡು. ಮೊದಲನೆಯದು ಏನಂದರೆ, ನಮಗೆ ತಿಳಿಯದ ವಿದ್ಯೆಯನ್ನು ಮಾಟವೆನ್ನಬಾರದು. ನೆರೆಯವನ ಮೇಲೆ ಅಂಥ ದೂರನ್ನು ಹೊರಿಸಬಾರದು. ಹಾರುವ ಹುಳವೂ ಗುಪ್ತಲಿಪಿಯೂ ದೆವ್ವದ ಕೆಲಸವಾಗಿರಲಿಲ್ಲ. ಮಗುವನ್ನು ಕೊಂದನೆಂಬ ಮಾತೂ ನಿಜವಾಗಿರಲಿಲ್ಲ. ಎರಡನೆಯದು, ದೇವರ ಹೆಸರು ಬರೆದಿದೆಯೆಂದು ಯಾವ ತಾಯಿತವೂ ಯಾವ ಕಾಗದವೂ ದೇವರದ್ದಾಗುವದಿಲ್ಲ. ಮನೆಯಲ್ಲಿ ಮಗುವಿಗೆ ಜ್ವರ ಬಂದು ರಾತ್ರಿ ಕಳೆಯದಿರುವಾಗ, ಕೀರ್ತನೆ ಹೇಳಿ ಯಂತ್ರ ಕಟ್ಟುವವನೊಬ್ಬನಿದ್ದಾನೆಂದು ಯಾರಾದರೂ ಹೇಳಬಹುದು. ಆಗ ಡೀಯು ಸ್ಟಾರ್ಕಿಗೆ ಹೇಳಿದ ಬುದ್ಧಿಯನ್ನು ನೆನಸಿಕೊಳ್ಳೋಣ; ಆತನು ತನಗೆ ಮಾಡಿಕೊಂಡದ್ದನ್ನು ಬಿಡೋಣ. ಸಭೆಯವರನ್ನು ಕರೆದು ಪ್ರಾರ್ಥಿಸೋಣ; ಬೆಳಗಾಗುವದನ್ನು ಕಾಯದೆ ಮಗುವನ್ನು ವೈದ್ಯರ ಬಳಿಗೆ ಒಯ್ಯೋಣ; ದೇವರು ಪ್ರಕಟಿಸದೆ ಬಿಟ್ಟದ್ದನ್ನು ಆತನ ಕೈಯಲ್ಲಿಯೇ ಬಿಡೋಣ.